ಹತ್ತು ಮಂದಿ ಸೇರದ ಮನೆ

ಮೊನ್ನೆ ಬೆಳಿಗ್ಗೆ ಮಗಳು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ತೆಳು ಅವಲಕ್ಕಿ ತೊಳೆದಿಟ್ಟಳು. ಅದಕ್ಕೆ ಹಸಿ ಕೊಬ್ಬರಿ ತುರಿದು ಹಾಕಿ, ಸಕ್ಕರೆ ಬೆರೆಸಿ, ಏಲಕ್ಕಿ ಕುಟ್ಟಿ ಉದುರಿಸಿದಳು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಆರೋಗ್ಯಕ್ಕೆ ಒಳ್ಳೆಯದಂತೆ. ಪಕ್ಕದಲ್ಲೇ ಪೂಜೆಗೆ ತಂದ ಗುಲಾಬಿಯ ಬುಟ್ಟಿ ಇತ್ತು. ನಾನು ಸ್ನಾನ ಮುಗಿಸಿ ಅಡುಗೆಮನೆಗೆ ಬಂದವಳು ಆ ವಾಸನೆ ಮೂಗಿಗೆ ಬಡಿದ ಕೂಡಲೇ ಬಾಗಿಲಲ್ಲೇ ನಿಂತುಬಿಟ್ಟೆ. ಮಗಳು ರುಚಿ ನೋಡಲು ಒಂದು ಚಮಚ ಬಾಯಿಗೆ ಹಿಡಿದಿದ್ದಳು. ತಡಿ, ಪ್ರಾರ್ಥನೆ ಆಗದೆ ತಿನ್ನಬಾರದು ಅಂದೆ. ಯಾವ ಪ್ರಾರ್ಥನೆ ಮಮ್ಮಿ, ಇದು ನಾಷ್ಟಾ, ಅಂತ ನಕ್ಕು ತಿಂದಳು.

ಅವಳಿಗೆ ನೆನಪಿಲ್ಲ, ಆಗ ತೀರ ಸಣ್ಣವಳು. ನಾನು ಮಾತ್ರ ಆ ದಿನವೆಲ್ಲ ಪಾತ್ರೆಗಳನ್ನು ಸದ್ದು ಮಾಡಿಯೇ ಇಡುತ್ತಿದ್ದೆ. ದುಃಖ ಅಂತಲ್ಲ. ಸಿಟ್ಟು. ಇಷ್ಟು ವರ್ಷವಾದ ಮೇಲೂ ಇಳಿಯದ ಸಿಟ್ಟು. ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಚುಚ್ಚಿದರೆ ಚುಚ್ಚಲಿ.

ಸಿಕಂದರಾಬಾದಿನಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಒಬ್ಬ ಟೀಚರ್ ಇದ್ದರು. ರೈಲ್ವೆ ಶಾಲೆಯಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಹೆಸರು ಬರೆಯುವುದಿಲ್ಲ. ಗಲ್ಲಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಹಾಲಿನವನಿಗೂ ಟೀಚರ್, ಇಸ್ತ್ರಿಯವನಿಗೂ ಟೀಚರ್. ಅವರು ಯಹೂದಿಗಳು. ಹೌದು, ಸರಿಯಾಗಿಯೇ ಓದಿದ್ದೀರಿ. ನಮ್ಮ ಜನಕ್ಕೆ ಯಹೂದಿ ಅಂದರೆ ಟಿವಿಯಲ್ಲಿ ಕಾಣುವ ಯುದ್ಧ, ಅಷ್ಟೇ. ಇವರು ಕೊಂಕಣದ ಕಡಲ ದಂಡೆಯಲ್ಲಿ ಎಷ್ಟೋ ತಲೆಮಾರಿನಿಂದ ಎಣ್ಣೆಯ ಗಾಣ ಹಾಕಿಕೊಂಡಿದ್ದ ಜನ. ಮನೆಮಾತು ಮರಾಠಿ. ಸೀರೆ, ಗಾಜಿನ ಬಳೆ, ಬಾಗಿಲಿಗೆ ತೋರಣ. ಚೌಕಟ್ಟಿಗೆ ಹೊಡೆದಿದ್ದ ಒಂದು ಸಣ್ಣ ಉದ್ದನೆಯ ಡಬ್ಬಿಯನ್ನು ಬಿಟ್ಟರೆ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಒಳಗೆ ಅವರ ಧರ್ಮಗ್ರಂಥದ ಸಾಲು ಬರೆದ ಸುರುಳಿ ಇತ್ತಂತೆ. ಟೀಚರ್ ಹೋಗುವಾಗ ಬರುವಾಗ ಆ ಡಬ್ಬಿಯನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು.

ನಾವು ಬಾಗಲಕೋಟೆ ಕಡೆಯವರು. ಯಜಮಾನರದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ವ್ಯಾಪಾರ. ಅವರು ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಿದ್ದರು. ಗಲ್ಲಿ ತುಂಬ ತೆಲುಗು. ನನಗೆ ಬರುತ್ತಿದ್ದ ತೆಲುಗಿನಲ್ಲಿ ಟೊಮೆಟೊ ಕೊಳ್ಳಬಹುದಿತ್ತು, ಜಗಳ ಮಾಡಲು ಆಗುತ್ತಿರಲಿಲ್ಲ. ಒಂದು ದಿನ ತರಕಾರಿಯವನು ಕೊಳೆತ ಬದನೆಕಾಯಿ ಕೊಟ್ಟು ಹೋದಾಗ ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಬೈದುಕೊಳ್ಳುತ್ತಿದ್ದೆ. ಗೋಡೆಯ ಆ ಕಡೆಯಿಂದ ತಲೆ ಕಂಡಿತು.

"ಯಾವೂರಾಕಿ ನೀ?"

ಬಾಗಲಕೋಟಿ ಕಡೇದಾಕಿರಿ ಅಂದೆ.

"ಹಂಗಾರ ಒಳಗ ಬಾ. ಕನ್ನಡ ಮಾತಾಡದ ನಾಲಗಿ ತುಕ್ಕ ಹಿಡದೈತಿ."

ಅವರ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡಿದವರಂತೆ. ಟೀಚರ್ ಓದಿದ್ದು ಬೆಳೆದದ್ದು ಅಲ್ಲೇ. ನಮ್ಮದು ಗಾಣಿಗರ ಮನೆತನ ಅಂತ ಗೊತ್ತಾದ ದಿನ ಅವರು ನಕ್ಕ ನಗು ಈಗಲೂ ಕಿವಿಯಲ್ಲಿದೆ. ನಮ್ಮ ಅಜ್ಜ ಸೋಮವಾರ ಗಾಣಕ್ಕೆ ಎತ್ತು ಹೂಡುತ್ತಿರಲಿಲ್ಲ, ಅದು ಬಸವಣ್ಣನ ದಿನ. ಅವರ ಅಜ್ಜ ಶನಿವಾರ ಹೂಡುತ್ತಿರಲಿಲ್ಲ, ಅದು ಅವರ ದೇವರು ವಿಶ್ರಾಂತಿ ತೆಗೆದುಕೊಂಡ ದಿನ. "ನಿಮ್ಮ ಎತ್ತಿಗೆ ಸ್ವಾಮಾರ ಸೂಟಿ, ನಮ್ಮ ಎತ್ತಿಗೆ ಶನಿವಾರ ಸೂಟಿ," ಅಂದರು. "ನಡಬರಕ ದುಡದು ಸತ್ತಾವ್ರು ಗಾಣಿಗಿತ್ಯಾರು."

ಹಾಗಂತ ಟೀಚರ್ ಸಿಹಿಸಿಹಿ ಹೆಂಗಸು ಅಂದುಕೊಳ್ಳಬೇಡಿ. ಬಾಯಿ ಕತ್ತರಿ. ನಾನು ಮಾಡಿದ ಅಡುಗೆಯನ್ನು ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಉಪ್ಪಿಟ್ಟು ಕೊಟ್ಟರೆ ಗೋಡೆ ಕಟ್ಟಲು ಬರುತ್ತದೆ ಅನ್ನುತ್ತಿದ್ದರು. ಯಾರ ಮಗು ಎಷ್ಟು ದಡ್ಡ ಅಂತ ಆ ಮಗುವಿನ ತಾಯಿಯ ಎದುರಿಗೇ ಹೇಳುತ್ತಿದ್ದರು. ಆದರೂ ಭಾನುವಾರ ಬೆಳಿಗ್ಗೆ ಆಯಿತೆಂದರೆ ಆ ತಾಯಂದಿರೇ ಮಕ್ಕಳ ಕೈ ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದರು.

ಈ ಅವಳಿ ನಗರ ಎರಡೂ ಸೇರಿ ಅವರ ಜನ ಬೆರಳೆಣಿಕೆಯ ಮನೆಗಳವರು. ಕುಷಾಯಿಗೂಡದಲ್ಲಿ ಒಂದಿಷ್ಟು, ಕಂಟೋನ್ಮೆಂಟಿನ ಕಡೆ ಒಂದಿಷ್ಟು. ಸೇರುವುದಕ್ಕೆ ಅವರಿಗೆ ಪ್ರಾರ್ಥನಾ ಮಂದಿರ ಇರಲಿಲ್ಲ. ಟೀಚರ್ ಮನೆಯ ಮುಂದಿನ ಕೋಣೆಯೇ ಮಂದಿರ, ಅದೇ ಪಾಠಶಾಲೆ, ಹಬ್ಬಕ್ಕೆ ಅದೇ ಛತ್ರ. ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದುವ ಹೀಬ್ರೂ ಅಕ್ಷರಗಳನ್ನು ಟೀಚರ್ ಹಲಗೆಯ ಮೇಲೆ ಬರೆಯುತ್ತಿದ್ದರು, ಕೆಳಗೆ ಮರಾಠಿಯಲ್ಲಿ ಉಚ್ಚಾರ. ಮಕ್ಕಳು ರಾಗವಾಗಿ ಓದುತ್ತಿದ್ದರು. ತಪ್ಪಿದರೆ ಟೀಚರ್ ಮೇಜಿನ ಮೇಲೆ ಬಳೆ ಬಡಿಯುತ್ತಿದ್ದರು. ನಾನು ಈ ಕಡೆ ಅಕ್ಕಿ ಆರಿಸುತ್ತ ಕೇಳಿ ಕೇಳಿ ಎಷ್ಟೋ ಸಾಲು ನನಗೂ ಬಾಯಿಗೆ ಬಂದಿದ್ದವು. ಅರ್ಥ ಮಾತ್ರ ಶೂನ್ಯ...

ಅವರಲ್ಲಿ ಒಂದು ನಿಯಮ. ಕೆಲವು ಪ್ರಾರ್ಥನೆಗಳನ್ನು ಒಬ್ಬರೇ ಕೂತು ಮಾಡುವಂತಿಲ್ಲ. ಹದಿಮೂರು ದಾಟಿದ ಗಂಡಸರು ಹತ್ತು ಜನ ಒಟ್ಟಿಗೆ ನಿಲ್ಲಬೇಕು. ಸತ್ತವರ ಹೆಸರಿನಲ್ಲಿ ಹೇಳುವ ಕದ್ದೀಶ್ ಅನ್ನುವ ಪ್ರಾರ್ಥನೆಯೂ ಅಂಥದ್ದೇ. ಒಬ್ಬ ಕಡಿಮೆಯಾದರೂ ಅದನ್ನು ಬಾಯಿಂದ ಹೊರಡಿಸುವಂತಿಲ್ಲ. ಹೆಂಗಸರು ಲೆಕ್ಕಕ್ಕಿಲ್ಲ. ಅಲ್ರಿ ಟೀಚರ್, ಈ ಗಂಡಸರಿಗೆಲ್ಲ ಓದಲು ಕಲಿಸಿದವರು ನೀವು, ನೀವೇ ಲೆಕ್ಕಕ್ಕಿಲ್ಲವೇ ಅಂತ ಒಮ್ಮೆ ಕೇಳಿದೆ. ಅದಕ್ಕೇ ಕಲಿಸ್ತೀನಿ, ಲೆಕ್ಕಕ್ಕ ಬರೂ ಹಂಗ ಮಾಡ್ತೀನಿ ಅವ್ರನ್ನ ಅಂದರು.

ಇನ್ನೊಂದು ಚೆಂದದ ಪದ್ಧತಿ. ಮನುಷ್ಯರನ್ನು ಒಂದು, ಎರಡು ಅಂತ ಎಣಿಸಬಾರದಂತೆ, ದೃಷ್ಟಿ ತಗಲುತ್ತದೆ. ಅದಕ್ಕೆ ಹತ್ತು ಪದಗಳಿರುವ ಒಂದು ಪ್ರಾರ್ಥನೆಯ ಸಾಲನ್ನು ತೆಗೆದುಕೊಂಡು ತಲೆಗೊಂದು ಪದ ಹೇಳುತ್ತ ಹೋಗುವುದು. ಸಾಲು ಮುಗಿಯಿತೆಂದರೆ ಹತ್ತು ಜನ ಸೇರಿದ್ದಾರೆ ಅಂತ ಅರ್ಥ. ಮೂವತ್ತು ವರ್ಷ ಗಣಿತ ಕಲಿಸಿದ ಟೀಚರ್ ಗಂಡಸರನ್ನು ಎಣಿಸುವಾಗ ಮಾತ್ರ ತುಟಿಯಲ್ಲೇ ಪದ ಪದ ಹೇಳುತ್ತ, ಕಣ್ಣನ್ನು ತಲೆಯಿಂದ ತಲೆಗೆ ಸರಿಸುತ್ತಿದ್ದರು.

ಅವರ ಯಜಮಾನರನ್ನು ನಾನು ನೋಡಲಿಲ್ಲ. ನಾವು ಆ ಗಲ್ಲಿಗೆ ಬರುವ ಮೊದಲೇ ತೀರಿಹೋಗಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದರಂತೆ. ಗೋಡೆಯ ಫೋಟೋದಲ್ಲಿ ಬಿಳಿ ಸಮವಸ್ತ್ರ, ಸಣ್ಣ ಮೀಸೆ, ಏನೋ ಕೇಳಿದರೆ ಹೂಂ ಅನ್ನುವ ಹಾಗಿನ ಮುಖ. ಮಕ್ಕಳಾಗಿರಲಿಲ್ಲ. ಆ ಮನುಷ್ಯನ ಬಗ್ಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಕರೆದರೆ ಬರುತ್ತಿದ್ದರು. ಯಾರ ಮನೆಯಲ್ಲಿ ತಿಥಿ ಇರಲಿ, ಒಬ್ಬರು ಕಡಿಮೆ ಬಿದ್ದರು ಅಂದರೆ ಡ್ಯೂಟಿ ಇಳಿದು ಸ್ಟೇಷನ್ನಿನಿಂದಲೇ ಹೋಗುತ್ತಿದ್ದರಂತೆ. ಜ್ವರ ಬಂದಾಗಲೂ ಶಾಲು ಹೊದ್ದು ಹೋಗಿ ನಿಂತು ಬಂದಿದ್ದರಂತೆ.

ಅಂಥವರ ತಿಥಿಗೆ ವರ್ಷಕ್ಕೊಮ್ಮೆ ಆ ಮುಂದಿನ ಕೋಣೆಯಲ್ಲಿ ಹತ್ತು ಜನ ಸೇರಬೇಕಿತ್ತು. ಟೀಚರಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅಷ್ಟೇ ಅಂತ ನನಗೆ ಅನಿಸುತ್ತದೆ. ಅವರ ಪಂಚಾಂಗವೂ ಚಂದ್ರನ ಲೆಕ್ಕದ್ದು, ನಮ್ಮ ಕ್ಯಾಲೆಂಡರಿನಲ್ಲಿ ಒಂದೇ ತಾರೀಖಿಗೆ ನಿಲ್ಲದು. ಮಳೆಗಾಲ ಹಿಂದೆ ಸರಿದ ಮೇಲೆ ಯಾವುದೋ ಒಂದು ದಿನ. ಟೀಚರ್ ಮನಸ್ಸಿನಲ್ಲೇ ಲೆಕ್ಕ ಹಾಕಿ ಎಲ್ಲರಿಗೂ ತಿಳಿಸುತ್ತಿದ್ದರು. ಸಂಜೆ ಸೂರ್ಯ ಮುಳುಗಿದರೆ ಅವರಿಗೆ ದಿನ ಶುರು, ಮರುದಿನ ಮುಳುಗಿದರೆ ಮುಗಿಯಿತು.

ಆ ಸಂಜೆ ಮಲೀದಾ ಮಾಡುತ್ತಿದ್ದರು. ಅದೇ, ಅವಲಕ್ಕಿ, ಕೊಬ್ಬರಿ, ಸಕ್ಕರೆ, ಏಲಕ್ಕಿ. ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣು ಇಟ್ಟು, ಗುಲಾಬಿ ಇಡುತ್ತಿದ್ದರು. ಎಲಿಯಾಹು ಅನ್ನುವ ಪ್ರವಾದಿಯನ್ನು ಕರೆದು ಹಾಡಿ, ಹಣ್ಣಿಗೊಂದು ಮಂತ್ರ ಹೇಳಿ, ಆಮೇಲೆಯೇ ಹಂಚುವುದು. ಅಲ್ಲಿಯವರೆಗೆ ಅದನ್ನು ಮೂಸಿಯೂ ನೋಡುವಂತಿಲ್ಲ. ಮೊದಲು ಹತ್ತು ಗಂಡಸರು ನಿಂತು ಕದ್ದೀಶ್, ಆಮೇಲೆ ಮಲೀದಾ. ನಮ್ಮ ಯಜಮಾನರು ಅಂಗಡಿಯಿಂದ ಬೇಗ ಬಂದು ಅವರ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಪ್ರಸಾದಕ್ಕೆ ಆಸೆ.

ಕದ್ದೀಶ್ ಹೇಳುತ್ತಿದ್ದವನು ಕುಷಾಯಿಗೂಡದ ಹುಡುಗ. ಹುಡುಗ ಅಂದರೆ ಆಗಲೇ ಔಷಧಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದವನು. ಅವನ ತಂದೆ ಅಲ್ಲಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿದ್ದರು, ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ತಂದೆಗೆ ಕದ್ದೀಶ್ ಹೇಳಬೇಕು, ಇವನಿಗೆ ಸರಿಯಾಗಿ ಓದಲು ಬಾರದು. ಚಿಕ್ಕಂದಿನಲ್ಲಿ ಭಾನುವಾರದ ಕ್ಲಾಸಿಗೆ ಚಕ್ಕರ್ ಹೊಡೆದು ಕ್ರಿಕೆಟ್ ಆಡಿದವನು. ಟೀಚರ್ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಪದವನ್ನು ಬಾಯಲ್ಲಿಟ್ಟು ಕಲಿಸಿದರು. ಅಳುತ್ತ ಓದುತ್ತಿದ್ದ. ಟೀಚರ್ ಆಗ ಮಾತ್ರ ಬಳೆ ಬಡಿಯಲಿಲ್ಲ. ಕಲಿತು ಮುಗಿದ ದಿನ ಅವರ ಕಾಲು ಮುಟ್ಟಿ, ಅಂಕಲ್‌ಗೆ ಮಗ ಇಲ್ಲ ಅಂದ್ಕೋಬೇಡಿ, ಪ್ರತಿ ವರ್ಷ ನಾನೇ ಓದ್ತೀನಿ ಅಂದ. ನಾನು ಅಲ್ಲೇ ಟೀ ಲೋಟ ಹಿಡಿದು ನಿಂತಿದ್ದೆ. ಕಿವಿಯಾರೆ ಕೇಳಿದ್ದೇನೆ.

ಕೆಲವು ವರ್ಷ ನಡೆಯಿತು. ಆಮೇಲೆ ಹಳೆಯ ಮನೆಗಳು ಒಂದೊಂದಾಗಿ ಖಾಲಿಯಾದವು. ಕೆಲವರು ಇಸ್ರೇಲಿಗೆ, ಕೆಲವರು ಮುಂಬೈಗೆ, ಕೆಲವರು ಮೇಲಕ್ಕೆ. ಅದೇ ಹೊತ್ತಿಗೆ ಊರಿನ ಪಶ್ಚಿಮ ದಿಕ್ಕಿನಲ್ಲಿ, ಗಾಜಿನ ಕಟ್ಟಡಗಳ ಕಡೆ, ಕೆಲಸಕ್ಕೆಂದು ಟೀಚರ್ ಜನದವರೇ ಹೊಸಬರು ಬಂದರು. ಅವರದೇ ಒಂದು ಸಮಾಜ ಕಟ್ಟಿದರು. ಕುಷಾಯಿಗೂಡದ ಹುಡುಗನೇ ಅದರ ಕಾರ್ಯದರ್ಶಿ. ಅಷ್ಟರಲ್ಲಿ ಅವನು ದೊಡ್ಡ ಹುದ್ದೆಗೆ ಏರಿ ಆ ಕಡೆಯೇ ಫ್ಲ್ಯಾಟ್ ತೆಗೆದುಕೊಂಡಿದ್ದ. ಟೀಚರಿಗೆ ಮೊದಲು ಖುಷಿಯೇ ಆಗಿತ್ತು. ಇನ್ನು ಮಂದಿ ಕೂಡಸೂ ಚಿಂತಿ ಇಲ್ಲ ನೋಡು ಅಂದಿದ್ದರು.

ಆ ವರ್ಷ ತಿಥಿ ಭಾನುವಾರ ಸಂಜೆಗೆ ಬಂತು. ಟೀಚರ್ ಮುಂಚೆಯೇ ಅವನಿಗೆ ಹೇಳಿದ್ದರು. ಅವನು ಅದೇ ಸಂಜೆಗೆ ತನ್ನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಕಾರ್ಯಕ್ರಮ ಇಟ್ಟಿದ್ದ. ಹೊರಗಿನಿಂದ ಯಾರೋ ವಿದ್ವಾಂಸರು ಬಂದು ಉಪನ್ಯಾಸ ಕೊಡುವವರಿದ್ದರು. ನೀವು ಅಲ್ಲಿಗೇ ಬಂದುಬಿಡಿ ಟೀಚರ್, ಜನ ಹೇಗೂ ಸೇರುತ್ತಾರೆ, ಮೊದಲು ಅಂಕಲ್ ಕದ್ದೀಶ್ ಓದಿಯೇ ಮುಂದಿನದು ಅಂದ. ಮಲೀದಾನೂ ತನ್ನಿ, ಹೊಸಬರಿಗೆ ನಮ್ಮ ಸಂಪ್ರದಾಯ ಗೊತ್ತಾಗಲಿ ಅಂದ. ಟೀಚರ್ ಗಂಡನ ತಿಥಿಯನ್ನು ಬೇರೆ ಮನೆಯಲ್ಲಿ ಮಾಡಿದವರಲ್ಲ. ಒಂದು ಇಡೀ ದಿನ ಯೋಚನೆ ಮಾಡಿ ಹೂಂ ಅಂದರು. ಜೊತೆಗೆ ನನ್ನನ್ನು ಕರೆದರು.

ಆಟೋದಲ್ಲಿ ಊರಿನ ಆ ತುದಿಗೆ ಹೋದೆವು. ತೊಡೆಯ ಮೇಲೆ ಮಲೀದಾದ ತಟ್ಟೆ, ಮೇಲೆ ಬಿಳಿ ಬಟ್ಟೆ. ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ತಟ್ಟೆಯನ್ನು ಎತ್ತಿ ಹಿಡಿಯುತ್ತಿದ್ದರು. ಮಗಳ ಮದುವೆಗೆ ಹೊರಟ ಹಾಗೆ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು.

ಬಾಗಿಲಲ್ಲೇ ಒಬ್ಬ ಹುಡುಗಿ ಬಂದು ವಾವ್ ಅಂತ ತಟ್ಟೆ ತೆಗೆದುಕೊಂಡಳು. ಫೋಟೋದವನು ಬಂದ. ತಟ್ಟೆಯನ್ನು ಮತ್ತೆ ಟೀಚರ್ ಕೈಗೆ ಕೊಟ್ಟು ನಿಲ್ಲಿಸಿ ಫೋಟೋ ತೆಗೆದ. ಆಮೇಲೆ ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸೂರ್ಯ ಮುಳುಗಿದ. ವಿದ್ವಾಂಸರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಗಷ್ಟೇ ಬಂದರು. ಅವರಿಗೆ ವಾಪಸ್ ವಿಮಾನ ಹಿಡಿಯುವ ಅವಸರ. ಹುಡುಗ ಓಡಿ ಬಂದು, ಟೀಚರ್, ಮೊದಲು ಭಾಷಣ ಮುಗಿಸಿಬಿಡೋಣ, ಆಮೇಲೆ ಓದೋಣ, ಜನ ಎಲ್ಲಿ ಹೋಗ್ತಾರೆ ಅಂದ. ಟೀಚರ್ ತಲೆಯಾಡಿಸಿದರು.

ಭಾಷಣದ ವಿಷಯ ಏನು ಗೊತ್ತೇ? ಹಿರಿಯರ ನೆನಪನ್ನು ಮುಂದಿನ ಪೀಳಿಗೆಗೆ ದಾಟಿಸುವುದು ಹೇಗೆ. ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರ. ಎಲ್ಲರೂ ಫೋನ್ ಎತ್ತಿ ಫೋಟೋ ತೆಗೆಯುತ್ತಿದ್ದರು. ಟೀಚರ್ ಮಡಿಲಲ್ಲಿ ಕೈಯಿಟ್ಟು ಕೂತು ಕಿಟಕಿ ನೋಡುತ್ತಿದ್ದರು. ಭಾಷಣ ಮುಗಿಯಿತು, ಪ್ರಶ್ನೆಗಳು ಶುರುವಾದವು, ಪ್ರಶ್ನೆಗಳು ಮುಗಿದವು, ಶಾಲು ಹೊದಿಸಿದರು. ಮೈಕಿನಲ್ಲಿ ಯಾರೋ ಊಟಕ್ಕೆ ಏಳಿ ಅಂದರು. ಅಷ್ಟೇ. ಹಾಲಿನಲ್ಲಿದ್ದವರೆಲ್ಲ ಎದ್ದು ಊಟದ ಮೇಜಿನ ಕಡೆ ನುಗ್ಗಿದರು.

ನಾನು ಹಿಂದೆ ಹೋಗಿ ನೋಡಿದೆ. ಮಲೀದಾದ ತಟ್ಟೆ ಸಮೋಸಾ ಮತ್ತು ಪನೀರಿನ ನಡುವೆ ಇತ್ತು. ಮುಂದೆ ಸಾಂಪ್ರದಾಯಿಕ ಸಿಹಿ ಅವಲಕ್ಕಿ ಅಂತ ಚೀಟಿ. ಭಾಷಣ ನಡೆಯುವಾಗಲೇ ಮಕ್ಕಳು, ದೊಡ್ಡವರು, ಚಮಚ ಹಾಕಿ ಮುಗಿಸಿದ್ದರು. ಗುಲಾಬಿಯನ್ನು ಯಾರೋ ಒಬ್ಬಳು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ಹೊರಗಿನವಳಾದ ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಆ ಹಾಲಿನಲ್ಲಿ ಟೀಚರ್ ಕೈಯಲ್ಲೇ ಮಲೀದಾದ ಮಂತ್ರ ಕಲಿತವರು ಎಷ್ಟೋ ಜನ ಇದ್ದರು. ಬೇಡ ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.

ಟೀಚರ್ ಬಂದು ತಟ್ಟೆ ನೋಡಿದರು. ಹುಡುಗನನ್ನು ಹುಡುಕಿ, ಈಗ ಹತ್ತು ಮಂದಿಯನ್ನು ನಿಲ್ಲಿಸು ಅಂದರು. ಅವನು ಗಾಬರಿಯಾಗಿ ಅಲ್ಲಿ ಇಲ್ಲಿ ಓಡಿದ. ಒಂದಿಬ್ಬರು ವಿದ್ವಾಂಸರನ್ನು ಬಿಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಕೆಲವರು ಟ್ರಾಫಿಕ್ ಅಂತ ಆಗಲೇ ಹೊರಟಿದ್ದರು. ಇರುವವರ ಕೈಯಲ್ಲಿ ಊಟದ ತಟ್ಟೆ. ಕೈ ತೊಳೆದು ಬಂದವರನ್ನು ಮೂಲೆಯಲ್ಲಿ ನಿಲ್ಲಿಸಿದ. ಟೀಚರ್ ತುಟಿ ಅಲುಗಿತು, ಕಣ್ಣು ತಲೆಯಿಂದ ತಲೆಗೆ ಸರಿಯಿತು. ಮಂದಿ ಮುಗಿದರು, ಪದಗಳು ಉಳಿದವು...

ನಾಳೆ ಸಂಜೆ ತನಕ ಟೈಮ್ ಇದೆಯಲ್ಲ ಟೀಚರ್, ನಾನೇ ಜನ ಕರೆದುಕೊಂಡು ನಿಮ್ಮ ಮನೆಗೇ ಬರ್ತೀನಿ, ಪ್ರಾಮಿಸ್, ಅಂದ ಅವನು. ಟೀಚರ್ ಖಾಲಿ ತಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡರು.

ಮರುದಿನ ಬೆಳಿಗ್ಗೆ ಎದ್ದವರೇ ಮತ್ತೆ ಅವಲಕ್ಕಿ ತೊಳೆದರು. ನಾನು ಕೊಬ್ಬರಿ ತುರಿದು ಕೊಟ್ಟೆ. ನಮ್ಮ ಮನೆಯ ಕುರ್ಚಿಗಳನ್ನೂ ತಂದು ಕೋಣೆಯ ಸುತ್ತ ಹಾಕಿದೆವು. ಗಂಡನ ಫೋಟೋದ ಮುಂದೆ ಎಣ್ಣೆ ದೀಪ ಉರಿಯುತ್ತಿತ್ತು. ಟೀಚರ್ ಫೋನ್ ಹಿಡಿದು ಕೂತರು. ಸೋಮವಾರ. ಒಬ್ಬರಿಗೆ ಮೀಟಿಂಗ್, ಒಬ್ಬರು ಊರಲ್ಲಿಲ್ಲ, ಒಬ್ಬರು ಫೋನ್ ಎತ್ತಲಿಲ್ಲ. ಒಬ್ಬರು ನಿನ್ನೆಯೇ ಆಯಿತಲ್ಲವೇ ಅಂದರಂತೆ.

ಮಧ್ಯಾಹ್ನ ಕಳೆದ ಮೇಲೆ ಕಂಟೋನ್ಮೆಂಟಿನಿಂದ ಒಬ್ಬ ಮುದುಕರು ಬಂದರು, ಕೋಲು ಊರಿಕೊಂಡು. ಅವರ ಮಗನಿಗೆ ರಜೆ ಸಿಕ್ಕಿರಲಿಲ್ಲ. ಆಮೇಲೆ ಅವರ ಜನದವರೇ ಅಣ್ಣ ತಮ್ಮ ಇಬ್ಬರು ಬಂದರು. ನಮ್ಮ ಯಜಮಾನರಿಗೆ ಫೋನ್ ಮಾಡಿ ಹೇಳಿದ್ದೆ, ಅವರೂ ಅಂಗಡಿ ಬಿಟ್ಟು ಬಂದರು. ಎಲ್ಲರೂ ಕೂತೆವು. ಬಾಗಿಲು ತೆರೆದೇ ಇತ್ತು. ಗಲ್ಲಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಎಲ್ಲರ ತಲೆ ಆ ಕಡೆ. ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಕಿಟಕಿಯಿಂದ ಸೂರಿಗೆ, ಸೂರಿನಿಂದ ನೀರಿನ ಟ್ಯಾಂಕಿಗೆ ಏರುತ್ತ ಹೋಯಿತು. ಹುಡುಗನ ಫೋನ್ ಬಂತು. ಟೀಚರ್ ಕಿವಿಗೆ ಹಿಡಿದು ಕೇಳಿದರು, ಬರೇ ಹೂಂ ಅಂದರು, ಇಟ್ಟರು. ಆಫೀಸಿನಲ್ಲಿ ತಪಾಸಣೆಗೆ ಜನ ಬಂದಿದ್ದಾರಂತೆ. ಮುಂದಿನ ವರ್ಷ ಗ್ರ್ಯಾಂಡ್ ಆಗಿ ಮಾಡೋಣ ಅಂದನಂತೆ.

ಯಜಮಾನರಿಗೆ ತಡೆಯಲಾಗಲಿಲ್ಲ. "ನಾನೂ ಟೊಪಿಗಿ ಹಾಕ್ಕೊಂಡು ನಿಂದರ್ತೀನ್ರಿ ಟೀಚರ್. ನಮ್ಮ ಅಂಗಡ್ಯಾಗಿನ ಮಂದೀನೂ ಕರಸ್ತೀನಿ. ಯಾರಿಗಿ ಗೊತ್ತಾಕ್ಕೈತಿ?"

ಟೀಚರ್ ಆ ದಿನ ಮೊದಲ ಸಲ ನಕ್ಕರು. "ನೀ ಬಂದಿ, ಅದ ಭಾಳಾತು ತಮ್ಮಾ. ಆದ್ರ ಇದು ಇಸ್ಪೀಟ ಆಟ ಅಲ್ಲ, ಒಂದ ಕೈ ಕಡಿಮಿ ಬಿತ್ತಂತ ಹಾದ್ಯಾಗ ಹೋಗಾವ್ರನ್ನ ಕರದು ಕುಂದರಸಾಕ."

ಮುದುಕರು ಮೆಲ್ಲಗೆ ಮರಾಠಿಯಲ್ಲಿ, ಇದ್ದಷ್ಟು ಜನವೇ ಓದಿಬಿಡೋಣ ಟೀಚರ್‌ಬಾಯಿ, ದೇವರು ಕ್ಷಮಿಸುತ್ತಾನೆ ಅಂದರು. ಟೀಚರ್ ತಲೆ ಅಲ್ಲಾಡಿಸಿದರು. ತಮ್ಮ ಗಂಡ ಯಾರ ಮನೆಯಲ್ಲೂ ಒಬ್ಬನೇ ಒಬ್ಬನನ್ನೂ ಕಡಿಮೆ ಬೀಳಲು ಬಿಡಲಿಲ್ಲ, ಅವರಿಗೆ ಕಡಿಮೆ ಮಂದಿಯ ಪ್ರಾರ್ಥನೆ ಬೇಡ ಅಂದರು. ಟ್ಯಾಂಕಿನ ಮೇಲಿನ ಬಿಸಿಲು ಹೋಯಿತು. ಟೀಚರ್ ಎದ್ದು ಎಲ್ಲರಿಗೂ ಚಹಾ ಮಾಡಿದರು. ಮಲೀದಾವನ್ನು ಹಾಡಿ, ಮಂತ್ರ ಹೇಳಿ, ಕ್ರಮವಾಗಿಯೇ ಹಂಚಿದರು. ಅದಕ್ಕೆ ಹತ್ತು ಮಂದಿ ಬೇಕಿಲ್ಲ. ಕದ್ದೀಶ್ ಮಾತ್ರ ಹೇಳದೇ ಉಳಿಯಿತು.

ಎಲ್ಲರೂ ಹೋದ ಮೇಲೆ ನಾನು ಲೋಟ ತೊಳೆಯುತ್ತಿದ್ದೆ. ಟೀಚರ್ ಖಾಲಿ ಕುರ್ಚಿಗಳ ನಡುವೆ ನಿಂತು, ನನಗಲ್ಲ, ಫೋಟೋಕ್ಕೂ ಅಲ್ಲ, ಹಾಗೆಯೇ ಅಂದರು: "ಎಲ್ಲಾರಿಗೂ ಓದಾಕ ಕಲಿಸಿದ್ನಿ. ಬಂದು ನಿಂದ್ರಾಕ ಕಲಸ್ಲಿಲ್ಲ."

ಮುಂದಿನ ಭಾನುವಾರ ಮಕ್ಕಳು ಬಂದಾಗ ಬಾಗಿಲಲ್ಲೇ ನಿಂತು ಕ್ಲಾಸ್ ಇಲ್ಲ ಅಂದರು. ಆ ಹಾಲ್‌ಗೆ ಹೋಗಿರಿ, ಅಲ್ಲಿ ಪರದೆ ಇದೆ, ಎಸಿ ಇದೆ. ಒಬ್ಬ ತಾಯಿ ಕಣ್ಣೀರು ಹಾಕಿ ಕೇಳಿಕೊಂಡಳು. ಆಕೆಯ ಗಂಡ ಆ ಸೋಮವಾರ ಫೋನ್ ಎತ್ತದವನು. ಟೀಚರ್ ಕರಗಲಿಲ್ಲ. ಕರಗಬೇಕಿತ್ತು, ಮಕ್ಕಳದೇನು ತಪ್ಪು ಅಂತ ಆಗ ನನಗೂ ಅನಿಸಿತ್ತು. ಈಗ ಅನಿಸುವುದಿಲ್ಲ.

ಒಂದು ದಿನ ಹುಡುಗ ಬಂದ. ಕ್ಯಾಮೆರಾ ಹಿಡಿದ ಇನ್ನೊಬ್ಬ ಜೊತೆಗಿದ್ದ. ಟೀಚರಿಗೆ ಗೊತ್ತಿರುವ ಹಳೆಯ ರಾಗಗಳನ್ನೆಲ್ಲ ರೆಕಾರ್ಡ್ ಮಾಡಿಡಬೇಕಂತೆ, ಹೊಸಬರಿಗೆ ಆ ರಾಗಗಳು ಬರುವುದಿಲ್ಲವಂತೆ. ಟೀಚರ್ ಅವನನ್ನು ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟು, ಹತ್ತು ಮಂದಿಯನ್ನು ಕರೆದುಕೊಂಡು ಬಾ, ಅವತ್ತು ಹಾಡುತ್ತೇನೆ ಅಂದರು. ಅವನು ನಕ್ಕ. ತಮಾಷೆ ಅಂದುಕೊಂಡ. ಮತ್ತೆ ಬರಲಿಲ್ಲ.

ಮುಂದಿನ ವರ್ಷದ ಆ ದಿನಕ್ಕೆ ಮೊದಲೇ ಟೀಚರ್ ಮನೆ ಬಿಟ್ಟರು. ಪನವೇಲದಲ್ಲಿ ತಂಗಿ ಇದ್ದರು, ಅಲ್ಲಿ ಮಂದಿರ ಇದೆ, ಹತ್ತು ಮಂದಿ ಸಿಗುತ್ತಾರೆ ಅಂದರು. ಸಿಕಂದರಾಬಾದ್ ಸ್ಟೇಷನ್ನಿಗೆ ನಾವಿಬ್ಬರೂ ಬಿಡಲು ಹೋಗಿದ್ದೆವು. ಅವರ ಜನ ಒಬ್ಬರೂ ಇರಲಿಲ್ಲ. ಗಂಡನ ಫೋಟೋವನ್ನು ಸೀರೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿದಿದ್ದರು. ನಾನು ದಾರಿಗೆ ಅಂತ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಅಲ್ಲೇ ಬಿಚ್ಚಿ ನೋಡಿದರು.

"ಕಡೀಕೂ ಚಪಾತಿ ತೆಳ್ಳಗ ಲಟ್ಟಸೂದು ಕಲೀಲಿಲ್ಲ ನೋಡು ನೀ," ಅಂದರು. ಹಾಗೇ ಕಣ್ಣು ಒರೆಸಿಕೊಂಡರು. ಗಾಡಿ ಹೊರಟಿತು...

ಎರಡು ವರ್ಷ ಫೋನ್ ಮಾಡುತ್ತಿದ್ದರು. ಆಮೇಲೆ ಒಂದು ದಿನ ಫೋನ್ ಬಂದದ್ದು ತಂಗಿಯಿಂದ. ಈಗ ಆ ತಂಗಿಯೂ ಇಲ್ಲ.

ನಮ್ಮ ಕನ್ನಡದವರು ಯಾರೂ ಇದನ್ನು ಓದಿ ಛೇ ಪಾಪ ಅಂತ ಬೇರೆಯವರ ಕಡೆ ಬೆರಳು ತೋರಿಸುವ ಅಗತ್ಯವಿಲ್ಲ. ರಾಜ್ಯೋತ್ಸವದ ದಿನ ಹೋಟೆಲಿನ ಹಾಲಿನಲ್ಲಿ ನಾವು ಮಾಡುವುದೂ ಇದನ್ನೇ. ಶಲ್ಯ, ಫೋಟೋ, ಹೋಳಿಗೆ ಊಟ, ಮನೆಗೆ ಹೋದ ಮೇಲೆ ಮಕ್ಕಳ ಜೊತೆ ಹಿಂದಿ. ಕನ್ನಡ ಕಲಿಸಿದ ಮಾಸ್ತರರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಎಷ್ಟು ಜನ ಹೋಗಿದ್ದೆವು ಅಂತ ಕೇಳಿದರೆ ಕನ್ನಡ ಸಂಘದ ಗ್ರೂಪಿನಲ್ಲಿ ಎಲ್ಲರೂ ಮೌನ. ಊರು ಯಾವುದಾದರೇನು, ದೇವರು ಯಾರಾದರೇನು.

ಮಗಳು ಅವಲಕ್ಕಿ ಮಾಡಿದ ಎರಡು ದಿನಕ್ಕೆ ನನ್ನ ಫೋನಿಗೆ ಒಂದು ಆಮಂತ್ರಣ ಬಂತು. ಟೀಚರ್ ನೆನಪಿನಲ್ಲಿ ಅಧ್ಯಯನ ಕಾರ್ಯಕ್ರಮವಂತೆ. ಉಪನ್ಯಾಸ, ಮಕ್ಕಳ ಗಾಯನ, ಊಟ. ಮೇಲೆ ಟೀಚರ್ ಫೋಟೋ. ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಮಲೀದಾದ ತಟ್ಟೆ. ಅದೇ ಸಂಜೆಯದು. ಅವರ ಹತ್ತಿರ ಟೀಚರದು ಬೇರೆ ಫೋಟೋ ಇಲ್ಲ ಅಂತ ಕಾಣುತ್ತದೆ.

ಹಿಂದೆಯೇ ಕುಷಾಯಿಗೂಡದ ಹುಡುಗನ ಫೋನ್. ತಲೆ ಈಗ ನೆರೆತಿರಬೇಕು, ದನಿ ಮಾತ್ರ ಹಾಗೆಯೇ ಇದೆ. ಆಂಟಿ, ನೀವು ಅವರ ಪಕ್ಕದ ಮನೆಯವರು, ಬಂದು ಎರಡು ಮಾತು ಆಡಬೇಕು, ಕನ್ನಡದಲ್ಲೇ ಆಡಿ, ಚೆನ್ನಾಗಿರುತ್ತೆ ಅಂದ. ಹಾಲ್ ತುಂಬುತ್ತದೆ, ಈಗ ನಮ್ಮವರು ಬಹಳ ಜನ ಇದ್ದಾರೆ ಅಂದ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಟೀಚರ್ ಯಜಮಾನರಿಗೆ ಕದ್ದೀಶ್ ಓದಿದ್ದೀರಾ ಅಂತ ಕೇಳಿದೆ. ಆ ಸಂಜೆಯ ಮಾತು ತೆಗೆದೆ. ಯಾವ ಪ್ರೋಗ್ರಾಂ ಆಂಟಿ, ನಾವು ಎಷ್ಟೋ ಮಾಡಿದ್ದೇವೆ ಅಂದ. ನಾಟಕವಲ್ಲ, ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ನಾನೇ ಬಿಡಿಸಿ ಹೇಳಿದೆ. ಆಮೇಲೆ, ಓದೋಣ ಆಂಟಿ, ಖಂಡಿತ ಓದೋಣ, ಈ ವರ್ಷವೇ ಓದೋಣ ಅಂದ. ಅಂಕಲ್ ತಿಥಿ ಯಾವತ್ತು, ನಿಮಗೆ ಗೊತ್ತಾ?

ನನಗೇನು ಗೊತ್ತು? ಮಳೆಗಾಲ ಹಿಂದೆ ಸರಿದ ಮೇಲೆ ಯಾವುದೋ ಒಂದು ದಿನ. ಆ ದಿನವನ್ನು ಬಲ್ಲವರು ಒಬ್ಬರೇ ಇದ್ದರು. ಗೊತ್ತಿಲ್ಲಪ್ಪಾ ಅಂತ ಫೋನ್ ಇಟ್ಟೆ.

ಕಾರ್ಯಕ್ರಮ ಬರುವ ಭಾನುವಾರ. ನಾನು ಹೋಗುವುದಿಲ್ಲ. ಹಾಲಿನ ತುಂಬ ಗಂಡಸರಿರುತ್ತಾರೆ, ಓದಲು ಎಲ್ಲರಿಗೂ ಬರುತ್ತದೆ. ಯಾವ ದಿನ ಎದ್ದು ನಿಲ್ಲಬೇಕು ಅನ್ನುವುದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.